ಬೇಸಿಗೆಯ ಶರಾವತಿ ಹಿನ್ನೀರು: ಹೊನ್ನೆಮರಡು, ಹೊಳೆಬಾಗಿಲು, ಮಡೆನೂರು

ಶರಾವತಿ ಹಿನ್ನೀರು ನೋಡುವವರು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಹೋಗುತ್ತಾರೆ. ಆಗ ಜಲಾಶಯ ತುಂಬಿರುತ್ತದೆ, ಗುಡ್ಡಗಳ ತುದಿಗಳೆಲ್ಲ ದ್ವೀಪಗಳಾಗಿರುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ನಾವು ಹೋಗಿದ್ದು ಮೇ ತಿಂಗಳಿನಲ್ಲಿ, ಸಿಗಂದೂರಿನ ಸೇತುವೆ ಇನ್ನೂ ಕಟ್ಟುತ್ತಿದ್ದ ದಿನಗಳಲ್ಲಿ. ಸಾಗರದ ಪರಿಚಿತರೊಬ್ಬರಿಗೆ ಫೋನ್ ಮಾಡಿದಾಗ, "ಈಗ ಬಂದು ಏನು ನೋಡುತ್ತೀರಿ? ಕೆಸರು, ಒಣಗಿದ ಬೊಡ್ಡೆ ಅಷ್ಟೇ" ಎಂದರು. ನನಗೆ ಬೇಕಾಗಿದ್ದೂ ಅದೇ ಆಗಿತ್ತು. ನೀರು ತುಂಬಿದಾಗ ಕಾಣಿಸದ ಒಂದು ಹಳೆಯ ಅಣೆಕಟ್ಟು ಅಲ್ಲಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಅದು ಮೇಲೆ ಬರುತ್ತದೆ. ತಮ್ಮನ ಮಗನಿಗೆ ಪರೀಕ್ಷೆ ಮುಗಿದಿತ್ತು, ಅವನಿಗೆ ಕಯಾಕ್ ನಡೆಸುವ ಹುಚ್ಚು. ನಮ್ಮವರಿಗೆ ಈಜು ಬರುವುದಿಲ್ಲ, ನೀರೆಂದರೆ ಅಳುಕು. ಆದರೆ ಅಪ್ಪೆಮಿಡಿಯ ಕಾಲ ಎಂದು ಹೇಳಿದ್ದೇ ತಡ, ಅವರೂ ಚೀಲ ಕಟ್ಟಿದರು.

ಶುಕ್ರವಾರ

ಬೆಂಗಳೂರಿನಿಂದ ರಾತ್ರಿ ಹೊರಡುವ ರೈಲು ಬೆಳಿಗ್ಗೆ ತಾಳಗುಪ್ಪ ಮುಟ್ಟುತ್ತದೆ. ಅಲ್ಲಿಗೆ ಹಳಿ ಮುಗಿಯಿತು. ಮುಂದೆ ಹೊನ್ನಾವರದವರೆಗೆ ರೈಲು ಹೋಗಬೇಕೆಂಬ ಬೇಡಿಕೆ ನಾನು ಶಾಲೆಗೆ ಹೋಗುತ್ತಿದ್ದಾಗಲೂ ಇತ್ತು, ಈಗಲೂ ಇದೆ. ಸಾಗರದ ನಿಲ್ದಾಣದಲ್ಲಿ ಅರ್ಧ ರೈಲು ಖಾಲಿಯಾಗಿತ್ತು. ಅಲ್ಲಿ ಇಳಿದವರಲ್ಲಿ ಹೆಚ್ಚಿನವರು ಸಿಗಂದೂರಿಗೆ ಹೋಗುವವರು. ಅವರ ಕೈಯಲ್ಲಿದ್ದ ಹಣ್ಣುಕಾಯಿಯ ಚೀಲ ನೋಡಿದರೇ ತಿಳಿಯುತ್ತಿತ್ತು.

ತಾಳಗುಪ್ಪದಲ್ಲಿ ಅವಲಕ್ಕಿ, ಚಹಾ ಮುಗಿಸಿ ಜೀಪು ಹತ್ತಿದೆವು. ಜೋಗದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಹೊನ್ನೆಮರಡಿನ ದಾರಿ. ಅಡಿಕೆ ತೋಟ, ಅಕೇಶಿಯಾ ನೆಡುತೋಪು, ಮತ್ತೆ ತೋಟ. ಅಕೇಶಿಯಾ ಮರಗಳ ಕೆಳಗೆ ಒಂದು ಹುಲ್ಲುಕಡ್ಡಿಯೂ ಬೆಳೆದಿರಲಿಲ್ಲ. ಮಲೆನಾಡಿನ ಹಸಿರು ಎಂದು ದೂರದಿಂದ ಮೆಚ್ಚುವವರು ಒಮ್ಮೆ ಅದರ ಬುಡದಲ್ಲಿ ನಿಂತು ನೋಡಬೇಕು.

ಉಳಿದುಕೊಂಡದ್ದು ಒಂದು ತೋಟದ ಮನೆಯಲ್ಲಿ. ಅಂಗಳದ ತುಂಬ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಹಪ್ಪಳ ಕಾಯಲು ಕುಳಿತಿದ್ದ ಅಜ್ಜಿ ನಮ್ಮನ್ನು ಕಂಡು ಕೋಲು ಎತ್ತಿದರು. ಅದು ಕಾಗೆಗೆ ಎಂದು ಆಮೇಲೆ ಗೊತ್ತಾಯಿತು. ಮುರುಗಲ ಹಣ್ಣಿನ ಪಾನಕ ಕೊಟ್ಟ ಮನೆಯ ಅಕ್ಕ ಮೊದಲು ಹೇಳಿದ ಮಾತು ಉಣುಗಿನದು: "ಕಾಡಿನೊಳಗೆ ಹೋಗುವುದಾದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ. ತರಗೆಲೆಯ ಮೇಲೆ ಕೂರಬೇಡಿ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಕುದಿಯುವ ನೀರಿಗೆ." ಈ ಕಡೆಯ ಮನೆಗಳಲ್ಲಿ ಉಣುಗು ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಬಚ್ಚಲಿನ ಗೂಡಿನಲ್ಲಿ ಸೋಪಿನ ಪಕ್ಕದಲ್ಲೇ ಇರುತ್ತದೆ, ಆರೋಗ್ಯ ಇಲಾಖೆಯವರೇ ಹಂಚುತ್ತಾರೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2018-19ರಲ್ಲಿ ಅದು ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಎಷ್ಟೋ ಜೀವ ತೆಗೆಯಿತು. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಲ, ಅಂದರೆ ಪ್ರವಾಸಿಗರೂ ಹೆಚ್ಚಾಗಿ ಬರುವ ಕಾಲ. ಇದನ್ನು ಪ್ರವಾಸದ ಜಾಹೀರಾತುಗಳಲ್ಲಿ ಯಾರೂ ಬರೆಯುವುದಿಲ್ಲ. ನಾವು ಎಣ್ಣೆ ಹಚ್ಚಿಕೊಂಡೆವು.

ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ. ನಮ್ಮವರು ಅದನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ಅಕ್ಕ ಖುಷಿಯಿಂದ ಇನ್ನೊಂದು ಲೋಟ ತುಂಬಿಸಿದರು, ಅವರು ಜಗಲಿಯಲ್ಲೇ ನಿದ್ದೆ ಹೋದರು.

ಬಿಸಿಲು ಇಳಿದ ಮೇಲೆ ಮನೆಯ ಯಜಮಾನರು ನೀರಿನ ಕಡೆಗೆ ಕರೆದುಕೊಂಡು ಹೋದರು. "ನೀರು" ಎಂದು ಅವರು ಕೈ ತೋರಿಸಿದ ದಿಕ್ಕಿನಲ್ಲಿ ನನಗೆ ಕಂಡದ್ದು ಕೆಂಪು ನೆಲ. ಕಾಡಿನ ಅಂಚು ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಗೆರೆಯ ಕೆಳಗೆ ಮರವಿಲ್ಲ, ಪೊದೆಯಿಲ್ಲ, ಬರೀ ಜಂಬಿಟ್ಟಿಗೆಯ ಇಳಿಜಾರು. ಅದರ ಮೇಲೆ ನೀರು ವಾರವಾರ ಹಿಂದೆ ಸರಿದ ಗುರುತುಗಳು ಮೆಟ್ಟಿಲು ಮೆಟ್ಟಿಲಾಗಿ ಉಳಿದಿದ್ದವು. ನೀರು ಇನ್ನೂ ಕೆಳಗೆ, ಕಾಲು ಗಂಟೆ ನಡೆಯುವಷ್ಟು ದೂರ.

"ಮಳೆಗಾಲದ ಕೊನೆಯಲ್ಲಿ ಬಂದಿದ್ದರೆ ನೀವು ಈಗ ನಿಂತಿರುವ ಜಾಗ ನೀರಿನ ಅಡಿಗೆ" ಎಂದರು ಯಜಮಾನರು. "ಗೆರೆ ಕಂಡಿತಲ್ಲ, ಅದು 1819."

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಪ್ರಕಟಿಸುವ ಜಲಾಶಯಗಳ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ಕರ್ನಾಟಕದಲ್ಲಿ ಎಲ್ಲರೂ ಕಂಡಿರುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಓದುವಾಗ ಅದು ವಿದ್ಯುತ್ತಿನ ಲೆಕ್ಕ. ಇಲ್ಲಿ ಅದು ಇಷ್ಟು ಸ್ಪಷ್ಟವಾಗಿ ನೆಲದ ಮೇಲೆ ಬರೆದುಕೊಂಡಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ದೋಣಿ ಎಲ್ಲಿ ಕಟ್ಟಬೇಕು, ಲಾಂಚ್ ಓಡುತ್ತದೆಯೇ, ದನ ಎಲ್ಲಿ ಮೇಯಬೇಕು, ಬಲೆ ಎಲ್ಲಿ ಬಿಡಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಇಲ್ಲಿನವರು ಮಾತು ಶುರು ಮಾಡುವುದೇ "ಎಷ್ಟಿದೆ ಈಗ?" ಎಂದು. ನಾವು ಹೋದಾಗ ಗರಿಷ್ಠಕ್ಕಿಂತ ಐವತ್ತು ಅಡಿಗೂ ಹೆಚ್ಚು ಕೆಳಗಿತ್ತು.

ಇಳಿಜಾರಿನಲ್ಲಿ ಒಂದೆಡೆ ಕಲ್ಲುಗಳು ಸಾಲಾಗಿ ಕುಳಿತಿದ್ದವು. ಗದ್ದೆಯ ಅಂಚು ಎಂದು ಯಜಮಾನರು ಹೇಳುವ ತನಕ ನಾನು ಗಮನಿಸಿರಲಿಲ್ಲ. ಆಮೇಲೆ ನೋಡಿದರೆ ಎಲ್ಲೆಲ್ಲೂ ಅಂಚು. ಒಂದರ ಕೆಳಗೆ ಒಂದು ಗದ್ದೆ, ನೀರಿನವರೆಗೂ, ನೀರಿನೊಳಗೂ. ಅವರ ಮನೆತನದವರದ್ದೇ ಆಗಿತ್ತಂತೆ. ಮನೆ ಮೇಲಿದ್ದುದರಿಂದ ಉಳಿಯಿತು. ಅವರ ದೊಡ್ಡಪ್ಪನ ಮನೆ ಕೆಳಗಿತ್ತು. ಅವರು ಶಿವಮೊಗ್ಗದ ಕಡೆಗೆ ಹೋದರು. "ಅವರನ್ನು ಇಂದಿಗೂ ಮುಳುಗಡೆಯವರು ಎನ್ನುತ್ತಾರೆ. ಮೊಮ್ಮಕ್ಕಳು ಹುಟ್ಟಿದ್ದು ಅಲ್ಲೇ, ಅವರೂ ಮುಳುಗಡೆಯವರೇ" ಎಂದು ನಕ್ಕರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಾಗೆ ಹೋದವರಲ್ಲಿ ಎಷ್ಟೋ ಕುಟುಂಬಗಳಿಗೆ ತಾವು ಉಳುತ್ತಿರುವ ನೆಲದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಅದು ಅರಣ್ಯಭೂಮಿ ಎನ್ನುವ ತಕರಾರು ಪ್ರತಿ ಚುನಾವಣೆಗೂ ಎದ್ದು, ಆಮೇಲೆ ಮಲಗುತ್ತದೆ.

ಶನಿವಾರ

ಬೆಳಿಗ್ಗೆ ಏಳಕ್ಕೆ ಹೊನ್ನೆಮರಡಿನ ದಡ. ಇಲ್ಲಿ ಬಹಳ ವರ್ಷಗಳಿಂದ ಜಲಸಾಹಸದ ತರಬೇತಿ ನಡೆಯುತ್ತಿದೆ. ಮೊದಲೇ ತಿಳಿಸಿ ಹೋಗಬೇಕು, ಮದ್ಯ ಕೂಡದು, ಪ್ಲಾಸ್ಟಿಕ್ ಬಿಸಾಡಕೂಡದು, ಪಾತ್ರೆ ನಾವೇ ತೊಳೆಯಬೇಕು. ಇದನ್ನು ಕೇಳಿ ಮುಖ ಸಿಂಡರಿಸುವವರಿಗೆ ಬೇರೆ ರೆಸಾರ್ಟುಗಳು ಬೇಕಾದಷ್ಟಿವೆ.

ನಮ್ಮನ್ನು ನೋಡಿಕೊಂಡ ಹುಡುಗ ಅದೇ ಊರಿನವನು, ಇಪ್ಪತ್ತರ ಆಸುಪಾಸು. ಅವನು ಮೊದಲು ಮಾಡಿದ ಕೆಲಸ ನಮ್ಮ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದದ್ದು. ನಮ್ಮವರದ್ದು ಕಿವಿಯ ತನಕ ಬಂತು. "ಹೀಗಿದ್ದರೆ ನೀರಿನಲ್ಲಿ ಜಾಕೆಟ್ ತೇಲುತ್ತದೆ ಸರ್, ನೀವು ಕೆಳಗೆ ಹೋಗುತ್ತೀರಿ" ಎಂದು ಶಾಂತವಾಗಿ ಹೇಳಿ, ಹೊಟ್ಟೆಯ ಪಟ್ಟಿಗಳನ್ನು ಉಸಿರು ಕಟ್ಟುವಂತೆ ಬಿಗಿದ. ಆಮೇಲೆ ಸೊಂಟಮಟ್ಟದ ನೀರಿಗೆ ಕರೆದುಕೊಂಡು ಹೋಗಿ ಬೆನ್ನ ಮೇಲೆ ಮಲಗಲು ಹೇಳಿದ. ನಮ್ಮವರು ಕಣ್ಣು ಮುಚ್ಚಿ, ಅವನ ಮಣಿಕಟ್ಟು ಹಿಡಿದು ಮಲಗಿದರು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟಾಗ ನಾಲ್ಕು ಮಾರು ಆಚೆ ತೇಲುತ್ತಿದ್ದರು. ಮದುವೆಯಾದಂದಿನಿಂದ ನಾನು ಹೇಳಿ ಹೇಳಿ ಸೋತ ಕೆಲಸವನ್ನು ಆ ಹುಡುಗ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ್ದ.

ಕಯಾಕ್ ಒಬ್ಬರೇ ಕುಳಿತು ಎರಡು ಬದಿಯ ಹುಟ್ಟಿನಿಂದ ನಡೆಸುವ ಉದ್ದನೆಯ ದೋಣಿ. ಹೊಸಬರು ತೋಳಿನಿಂದ ಎಳೆಯುತ್ತಾರೆ, ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ಸೊಂಟ ತಿರುಗಿಸಿ ಎಳೆಯಬೇಕು. ಕಾಲಿನ ಹಿಮ್ಮಡಿ ಒತ್ತಿಕೊಂಡಿರಬೇಕು. ತಮ್ಮನ ಮಗ ಇದನ್ನೆಲ್ಲ ವಿಡಿಯೋ ನೋಡಿ ಕಲಿತುಕೊಂಡೇ ಬಂದಿದ್ದ. ನೀರಿಗಿಳಿದ ಕೂಡಲೇ ಮಗುಚಿಕೊಂಡ. ಹುಡುಗ ನಗಲಿಲ್ಲ. ಮಗುಚಿದರೆ ದೋಣಿ ಬಿಟ್ಟು ಈಜಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು, ಹುಟ್ಟನ್ನು ಬಿಡಬಾರದು ಎಂದು ಅಲ್ಲೇ ಪಾಠ ಮಾಡಿದ. "ಮೊದಲೇ ಮಗುಚಿದ್ದು ಒಳ್ಳೆಯದಾಯಿತು, ಇನ್ನು ಹೆದರಿಕೆ ಇರುವುದಿಲ್ಲ" ಎಂದ. ನಮ್ಮವರೂ ನಾನೂ ಹರಿಗೋಲಿನಲ್ಲಿ ಕುಳಿತೆವು. ಹರಿಗೋಲು ಸುಲಭ ಎಂದು ತಿಳಿಯಬೇಡಿ. ದುಂಡಗಿನ ದೋಣಿಗೆ ಮುಂದು ಹಿಂದು ಎಂಬುದಿಲ್ಲ; ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ಬುಗುರಿಯಾಗುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ, ಮುಂದಿನ ನೀರನ್ನು ಎಂಟರ ಆಕಾರದಲ್ಲಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ನಮ್ಮವರು ಅದನ್ನು ಬೇಗ ಹಿಡಿದುಕೊಂಡರು. ಆಮೇಲೆ ಹುಟ್ಟನ್ನು ನನಗೆ ಕೊಡಲೇ ಇಲ್ಲ.

ಬೇಸಿಗೆಯ ನೀರಿನಲ್ಲಿ ದೋಣಿ ನಡೆಸುವುದಕ್ಕೆ ಅದರದೇ ಕಷ್ಟವಿದೆ. ಮುಳುಗಿದ ಕಾಡಿನ ಬೊಡ್ಡೆಗಳು ನೀರಿನಿಂದ ಅಲ್ಲಲ್ಲಿ ತಲೆ ಎತ್ತಿರುತ್ತವೆ. ತಲೆ ಎತ್ತಿದವುಗಳಿಂದ ತೊಂದರೆಯಿಲ್ಲ, ನೀರಿನ ಮಟ್ಟಕ್ಕೆ ಗೇಣು ಕೆಳಗೆ ನಿಂತವುಗಳಿಂದ ಅಪಾಯ. ಹುಡುಗ ಮುಂದೆ ಹೋಗುತ್ತ, ನೀರಿನ ಮೇಲಿನ ಸಣ್ಣ ಸುಕ್ಕು ನೋಡಿಯೇ "ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತಿದ್ದ. ಒಂದು ಬೊಡ್ಡೆಯ ಪಕ್ಕದಲ್ಲೇ ಹಾದುಹೋದೆವು. ಕೈಚಾಚಿ ಮುಟ್ಟಿದೆ. ಹೊರಗಿನ ಮೆತುಭಾಗವೆಲ್ಲ ಹೋಗಿ ಒಳಗಿನ ತಿರುಳು ಮಾತ್ರ ಉಳಿದಿತ್ತು, ಬೂದಿಬಣ್ಣಕ್ಕೆ ತಿರುಗಿತ್ತು. ಉಗುರು ಊರುವಂತಿರಲಿಲ್ಲ, ಬೆರಳಿನಿಂದ ತಟ್ಟಿದರೆ ಠಣ್ ಎನ್ನುವಷ್ಟು ಗಟ್ಟಿ. ಬಿರುಕಿನಲ್ಲಿ ಯಾರದೋ ಬಲೆಯ ತುಂಡು ಸಿಕ್ಕಿಕೊಂಡಿತ್ತು. ತುದಿಯಲ್ಲಿ ಹಾವಕ್ಕಿಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ನಾವು ಎಷ್ಟು ಹತ್ತಿರ ಹೋದರೂ ಅದು ಬರೀ ಕತ್ತು ತಿರುಗಿಸಿತು.

ನಾವು ರಾತ್ರಿ ಉಳಿಯಬೇಕಾಗಿದ್ದುದು ಒಂದು ದ್ವೀಪದಲ್ಲಿ. ಅಲ್ಲಿಗೆ ಹೋಗಿ ನೋಡಿದರೆ ಅದರ ಬೆನ್ನು ಹಿಂದಿನಿಂದ ದಡಕ್ಕೆ ಅಂಟಿಕೊಂಡಿತ್ತು. ಎರಡು ಎಮ್ಮೆಗಳು ನಡೆದುಕೊಂಡೇ ಬಂದು ಮೇಯುತ್ತಿದ್ದವು. ತಮ್ಮನ ಮಗನಿಗೆ ಮೋಸವಾದಂತೆ ಅನ್ನಿಸಿತು. "ಡಿಸೆಂಬರಿನಲ್ಲಿ ದ್ವೀಪ, ಮೇ ತಿಂಗಳಿನಲ್ಲಿ ಗುಡ್ಡ" ಎಂದ ಹುಡುಗ. ಹೊಸದಾಗಿ ಹೊರಬಂದ ನೆಲದ ಮೇಲೆ ಎಳೆ ಹುಲ್ಲು ಚಿಗುರಿತ್ತು. ಜಲಾಶಯ ಹಿಂದೆ ಸರಿದಂತೆಲ್ಲ ದನಗಳು ನೀರಿನ ಬೆನ್ನು ಹತ್ತಿ ಕೆಳಗಿಳಿಯುತ್ತವೆ ಎಂದು ಆಮೇಲೆ ಯಜಮಾನರೂ ಹೇಳಿದರು.

ನಾಲ್ಕು ಗಂಟೆಯ ಹೊತ್ತಿಗೆ ಗಾಳಿ ನಿಂತಿತು. ಹುಡುಗ ಪಡುವಣ ದಿಕ್ಕು ನೋಡಿ, ದೋಣಿಗಳನ್ನೆಲ್ಲ ಮೇಲಕ್ಕೆ ಎಳೆಯಲು ಹೇಳಿದ. ಆಕಾಶ ತಿಳಿಯಾಗಿಯೇ ಇತ್ತು, ಗುಡ್ಡದ ಹಿಂದೆ ಮಾತ್ರ ನೇರಳೆ ಬಣ್ಣ ಏರುತ್ತಿತ್ತು. ಕಯಾಕುಗಳನ್ನು ಮಗುಚಿ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ, ಹರಿಗೋಲಿನೊಳಗೆ ಕಲ್ಲು ತುಂಬಿಸಿದ. ಇಷ್ಟೆಲ್ಲ ಯಾಕೆಂದು ನಮ್ಮವರು ಕೇಳುವಷ್ಟರಲ್ಲಿ ಗಾಳಿ ಬಂತು. ಇಡೀ ಹಿನ್ನೀರಿನ ಮೇಲೆ ತಡೆಯಿಲ್ಲದೆ ಓಡಿ ಬಂದ ಗಾಳಿ. ಐದು ನಿಮಿಷದ ಹಿಂದೆ ಮಲಗಿದ್ದ ನೀರಿನಲ್ಲಿ ಮಂಡಿಯೆತ್ತರದ ಅಲೆಗಳು ಎದ್ದು, ಬಿಳಿ ನೊರೆ ತಂದು ಕೆಸರಿಗೆ ಬಡಿದವು. ಗುಡುಗು, ಮಿಂಚು, ದಪ್ಪ ಹನಿ. ಎತ್ತರದ ಮರದ ಬುಡಕ್ಕೆ ಹೋಗಬಾರದೆಂದು ಹುಡುಗ ನಮ್ಮನ್ನು ತಗ್ಗಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಿಸಿದ. ತಾರ್ಪಾಲನ್ನು ತಲೆಯ ಮೇಲೆ ಹಿಡಿದುಕೊಂಡು ಕುಳಿತೆವು. ಮುಕ್ಕಾಲು ಗಂಟೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು ಬಂತು.

"ಇಂಥ ಗಾಳಿಯಲ್ಲಿ ನಡುನೀರಿನಲ್ಲಿದ್ದರೆ?" ಎಂದು ಕೇಳಿದೆ.

"ಇರಬಾರದು ಅಕ್ಕಾ. ಅದಕ್ಕೇ ನಾಲ್ಕರ ಮೇಲೆ ಮೇ ತಿಂಗಳಿನಲ್ಲಿ ನೀರಿಗಿಳಿಸುವುದಿಲ್ಲ."

ಜಲಾಶಯದಲ್ಲಿ ತೆಪ್ಪ ಮಗುಚಿ ಸತ್ತವರ ಸುದ್ದಿಗಳನ್ನು ಓದಿದಾಗ ಇನ್ನು ಮೇಲೆ ಈ ಮುಕ್ಕಾಲು ಗಂಟೆ ನೆನಪಾಗುತ್ತದೆ. ನಿಂತ ನೀರು ತಾನೇ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ರಾತ್ರಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ದೂರದ ಇನ್ನೊಂದು ದಡದಲ್ಲಿ ಯಾರೋ ಕಾರಿನ ಬಾಗಿಲು ತೆರೆದಿಟ್ಟು ಜೋರಾಗಿ ಹಾಡು ಹಾಕಿದ್ದರು. ನೀರಿನ ಮೇಲೆ ಶಬ್ದ ಎಷ್ಟು ದೂರ ಹೋಗುತ್ತದೆ ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಒಂದು ಗಂಟೆಯವರೆಗೂ ಅವರ ಆಯ್ಕೆಯನ್ನು ನಾವೂ ಕೇಳಬೇಕಾಯಿತು.

ಭಾನುವಾರ

ಸಾಗರದ ಮೇಲೆ ಹಾದು ಹೊಳೆಬಾಗಿಲಿಗೆ ಹೋದೆವು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್ ಓಡುತ್ತಿತ್ತು. ಆಚೆಗೆ ತುಮರಿ, ಸಿಗಂದೂರು, ಇಡೀ ಕರೂರು ಹೋಬಳಿ. ಅಣೆಕಟ್ಟು ಬಂದ ಮೇಲೆ ಆ ಕಡೆಯವರು ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು, ಇಲ್ಲವಾದರೆ ಕೊಲ್ಲೂರಿನ ಕಡೆಯಿಂದ ಸುತ್ತಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆಗೇ. ನಮಗೆ ಮಾತ್ರ ಅದು ಒಂದು ಸವಾರಿ. ಮೇಲಿನ ಕಟಕಟೆಗೆ ಒರಗಿಕೊಂಡು ಫೋಟೋ ತೆಗೆಯುತ್ತಿದ್ದವರೆಲ್ಲ ನಮ್ಮಂಥವರು. ಕೆಳಗೆ ಸಿಮೆಂಟ್ ಚೀಲ, ಗೊಬ್ಬರ, ಒಂದು ಜರ್ಸಿ ಹಸುವಿನ ಜೊತೆ ನಿಂತಿದ್ದವರು ತುಮರಿಯವರು. ಅವರು ನೀರನ್ನು ನೋಡುತ್ತಲೂ ಇರಲಿಲ್ಲ.

ಲಾಂಚಿಗೆ ವಾಹನ ಹತ್ತಿಸುವುದನ್ನು ನೋಡಬೇಕು. ಬಸ್ಸು ನಡುವೆ, ಅದರ ಎಡಬಲಕ್ಕೆ ಕಾರು, ಸಂದಿಗೆ ಬೈಕು. ಸಿಬ್ಬಂದಿಯೊಬ್ಬರು ಎರಡು ಬೆರಳಿನ ಸನ್ನೆಯಲ್ಲೇ ಚಾಲಕರನ್ನು ಹಿಂದೆ ಮುಂದೆ ಆಡಿಸಿ, ಕಾರಿನ ಬಾಗಿಲು ತೆರೆಯಲಾಗದಷ್ಟು ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು. ನೀರು ಇಳಿದಿದ್ದರಿಂದ ದಡದ ಇಳಿಜಾರು ಉದ್ದವಾಗಿ, ಮಣ್ಣು ಹಾಕಿ ಸರಿಮಾಡಿದ್ದ ದಾರಿಯಲ್ಲಿ ಬಸ್ಸಿನ ಹಿಂಬದಿ ನೆಲಕ್ಕೆ ತಾಗಿತು. "ಮಳೆ ತಡವಾದರೆ ಜೂನಿನಲ್ಲಿ ವಾಹನ ಬಂದ್, ಜನರು ಮಾತ್ರ" ಎಂದರು ಅವರು. ಹಿನ್ನೀರಿನ ಇನ್ನೊಂದು ಕಡವಾದ ಹಸಿರುಮಕ್ಕಿಯಲ್ಲಿ ಲಾಂಚ್ ಆಗಲೇ ನಿಂತಿತ್ತು.

ಪಕ್ಕದಲ್ಲಿ ಸೇತುವೆಯ ಕಂಬಗಳು ನೀರಿನಿಂದ ಎದ್ದು ನಿಂತಿದ್ದವು. ಅದು 2025ರ ಜುಲೈ 14ರಂದು ಉದ್ಘಾಟನೆಯಾಯಿತು, 2.44 ಕಿಲೋಮೀಟರ್ ಉದ್ದ, ನಡುವಿನ ಭಾಗ ಕೇಬಲ್‌ಗಳ ಮೇಲೆ ನಿಂತಿದೆ. ಲಾಂಚಿನ ಸೊಗಸು ಹೋಯಿತೆಂದು ಹಲವರು ಹಳಹಳಿಸಿದ್ದನ್ನು ಓದಿದೆ. ಅವರಲ್ಲಿ ಹೆಚ್ಚಿನವರು ಮೇಲಿನ ಕಟಕಟೆಯವರು. ಜರ್ಸಿ ಹಸುವಿನ ಜೊತೆ ನಿಂತವರ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು ಬಂದರೆ ಏನಾಗುತ್ತಿತ್ತು ಎಂದು ನೆನೆದರೆ, ಅರ್ಧ ಶತಮಾನಕ್ಕೂ ಮಿಕ್ಕಿ ಸೇತುವೆಯಿಲ್ಲದೆ ಕಳೆದದ್ದೇ ನಾಚಿಕೆಗೇಡು.

ಸಿಗಂದೂರಿನಲ್ಲಿ ಸಾಲು ಉದ್ದವಿತ್ತು. ಚೌಡೇಶ್ವರಿಯ ಹೆಸರು ಮಲೆನಾಡಿನ ತೋಟ, ಮನೆ, ಬೇಲಿಗಳ ಮೇಲೆಲ್ಲ ಇದೆ: "ಈ ಆಸ್ತಿಗೆ ಸಿಗಂದೂರು ದೇವಿಯ ಕಾವಲಿದೆ" ಎಂಬ ಫಲಕ ನೇತುಹಾಕಿದರೆ ಅಡಿಕೆ ಕಳವಾಗುವುದಿಲ್ಲ ಎಂಬ ನಂಬಿಕೆ. ನಾವು ದೂರದಿಂದಲೇ ಕೈಮುಗಿದು ಹಿಂದಿರುಗುವ ಲಾಂಚ್ ಹಿಡಿದೆವು, ಏಕೆಂದರೆ ಮಧ್ಯಾಹ್ನದೊಳಗೆ ಮಡೆನೂರಿಗೆ ಹೋಗಬೇಕಾಗಿತ್ತು.

ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿಗಾಗಿಯೇ ನಾನು ಈ ಬಿಸಿಲಿನಲ್ಲಿ ಬಂದದ್ದು. ಯಜಮಾನರ ಪರಿಚಯದ ಜೀಪಿನವರು ರಸ್ತೆ ಮುಗಿಯುವ ತನಕ ಬಿಟ್ಟರು. ಮುಂದೆ ನಡಿಗೆ, ಬಿರುಕುಬಿಟ್ಟ ಕೆಸರಿನ ಮೇಲೆ. ಮೇಲೆ ಒಣಗಿದಂತೆ ಕಂಡರೂ ಕೆಲವೆಡೆ ಕಾಲು ಪಾದದವರೆಗೆ ಇಳಿಯುತ್ತಿತ್ತು. ನೆರಳೆಂಬುದೇ ಇಲ್ಲ. ನೀರು ಬೇಕಾದಷ್ಟು ಒಯ್ಯಿರಿ, ಟೊಪ್ಪಿ ಹಾಕಿಕೊಳ್ಳಿ, ದಾರಿ ಬಲ್ಲವರಿಲ್ಲದೆ ಹೋಗಬೇಡಿ.

ಲಿಂಗನಮಕ್ಕಿಗಿಂತ ಮೊದಲು ಶರಾವತಿಗಿದ್ದ ಅಣೆಕಟ್ಟು ಇದು. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿತು. ಜೋಗದ ವಿದ್ಯುದಾಗಾರ, ಈಗ ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವುದು, 1948ರಲ್ಲಿ ಆರಂಭವಾದಾಗ ಅದಕ್ಕೆ ಬೇಸಿಗೆಯಲ್ಲೂ ನೀರು ಕೊಡುತ್ತಿದ್ದುದು ಇದೇ. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಕೆಳಗೆ ಇನ್ನೂ ದೊಡ್ಡದು ಬಂದು ಇದನ್ನೇ ಮುಳುಗಿಸಿತು. ನೀರು ಹಿಡಿಯಲು ಕಟ್ಟಿದ್ದು ತಾನೇ ನೀರಿನಡಿ ಹೋಯಿತು. ಹೀಗಿದ್ದೂ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹೊರಬಂದಾಗ ನೋಡಿದರೆ ಕಟ್ಟಡ ನೆಟ್ಟಗೆ ನಿಂತಿದೆ. ಕಲ್ಲಿನ ಸಂದಿನ ಗಾರೆ ಬಿಟ್ಟಿಲ್ಲ.

ನೋಡಬೇಕಾದದ್ದು ಇದರ ಸೈಫನ್‌ಗಳನ್ನು. ಸಾಮಾನ್ಯವಾಗಿ ಅಣೆಕಟ್ಟು ತುಂಬಿದರೆ ಗೇಟು ಎತ್ತುತ್ತಾರೆ. ಲಿಂಗನಮಕ್ಕಿಯಲ್ಲಿ ಅಂಥ 11 ಗೇಟುಗಳಿವೆ. ಹಿರೇಭಾಸ್ಕರದಲ್ಲಿ ಗೇಟು ಎತ್ತುವವರು ಬೇಕಿರಲಿಲ್ಲ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್ ಇಲ್ಲಿನದು. ನೇರ ಕೆಳಗಿಳಿಯುವ ದುಂಡನೆಯ ಕಾಂಕ್ರೀಟ್ ಬಾವಿ, ಅದರ ಬಾಯಿ ಆಲಿಕೆಯಂತೆ ಅಗಲ, ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು ಗುಮ್ಮಟದ ಮುಚ್ಚಳ. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿದ ಕೂಡಲೇ ಒಳಗಿನ ಬಾಗಿದ ಪಟ್ಟಿಗಳು ಅದನ್ನು ಸುತ್ತಿಸುತ್ತವೆ. ಸುಳಿ ಏಳುತ್ತದೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಕೆಳಗೆ ಹೋಗುತ್ತದೆ, ಗಾಳಿ ಖಾಲಿಯಾದ ಮೇಲೆ ಬಾವಿ ಪೂರ್ತಿ ನೀರಿನಿಂದ ತುಂಬಿ ಭೋರೆಂದು ಹರಿಯಲು ತೊಡಗುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ತಾನಾಗಿ ನಿಲ್ಲುತ್ತದೆ. ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿಯಲ್ಲಿ ಈ ಬಗೆಯ ಸೈಫನ್ ಈಗಲೂ ಕೆಲಸ ಮಾಡುವುದನ್ನು ಮಳೆಗಾಲದಲ್ಲಿ ನೋಡಬಹುದು. ಇಲ್ಲಿನವು ಸುಮ್ಮನೆ ನಿಂತಿವೆ.

ನಾನು ಒಂದು ಗುಮ್ಮಟದ ಕೆಳಗೆ ಕೈಯಿಟ್ಟು ನೋಡಿದೆ. ಒಳಮೈಯಲ್ಲಿ ಒಣಗಿದ ಪಾಚಿಯ ಪದರ, ಬೆರಳಾಡಿಸಿದರೆ ಹಸಿರು ಪುಡಿಯಾಗಿ ಉದುರಿತು. ಅದರ ಕೆಳಗೆ ಹಲಗೆ ಹೊಂದಿಸಿ ಕಾಂಕ್ರೀಟ್ ಸುರಿದಾಗಿನ ಮರದ ಎಳೆಗಳ ಅಚ್ಚು ಸ್ವಚ್ಛವಾಗಿ ಉಳಿದಿತ್ತು. ವಾರಗಳ ಹಿಂದೆ ಇದೆಲ್ಲ ಮೀನು ಓಡಾಡುವ ಜಾಗ. ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿರುವವನು, ಅಲ್ಲಿಯವರೆಗೆ ಮೊಬೈಲಿಗೆ ಸಿಗ್ನಲ್ ಇಲ್ಲವೆಂದು ಗೊಣಗುತ್ತಿದ್ದವನು, ಬಾವಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಒಳಗೆ ಬಗ್ಗಿ ನೋಡಿದ. "ಅತ್ತೆ, ವಿದ್ಯುತ್ತಿಲ್ಲ, ಮೋಟರಿಲ್ಲ, ಸೆನ್ಸರಿಲ್ಲ" ಎಂದ. ಅವನ ಕಾಲು ಹಿಡಿದುಕೊಂಡಿದ್ದ ನಮ್ಮವರು, "ಬುದ್ಧಿಯೂ ಇಲ್ಲ, ಮೇಲೆ ಬಾ" ಎಂದರು.

ಅಣೆಕಟ್ಟಿನ ಮೇಲೆ ಬೇರೆ ಜನರೂ ಇದ್ದರು. ಸಾಗರದಿಂದ ಬೈಕಿನಲ್ಲಿ ಬಂದ ಗೆಳೆಯರ ಗುಂಪು, ಬುತ್ತಿ ತಂದಿದ್ದ ಒಂದು ಕುಟುಂಬ. ಕಲ್ಲಿನ ಮೇಲೆ ಹೃದಯದ ಚಿತ್ರ ಬರೆದು ಹೆಸರು ಕೆತ್ತಿದವರು ನಮಗಿಂತ ಮೊದಲೇ ಬಂದುಹೋಗಿದ್ದರು. ಬಿಸ್ಕತ್ತಿನ ಪೊಟ್ಟಣ, ಬಾಟಲಿಗಳು. ಜುಲೈಯಲ್ಲಿ ನೀರು ಏರಿದಾಗ ಅವೆಲ್ಲ ತೇಲಿಕೊಂಡು ಯಾರ ಬಲೆಗೆ ಹೋಗುತ್ತವೋ. ನಾವು ಒಂದು ಚೀಲ ತುಂಬಿಸಿಕೊಂಡು ಬಂದೆವು. ಅದರಿಂದ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಸೋಮವಾರ

ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಂಡೆಯ ಮೇಲೆ ಒದ್ದೆ ಗುರುತಿನಷ್ಟೇ ಉಳಿದಿದ್ದವು. 253 ಮೀಟರ್ ಎತ್ತರದ ಬೆತ್ತಲೆ ಬಂಡೆಯನ್ನು ನೋಡುವುದಕ್ಕೂ ಅದರದೇ ಒಂದು ಲಾಭವಿದೆ, ನದಿ ಎಷ್ಟು ಆಳಕ್ಕೆ ಕೊರೆದಿದೆ ಎಂಬುದು ಮಳೆಗಾಲದ ಮಂಜಿನಲ್ಲಿ ತಿಳಿಯುವುದಿಲ್ಲ. ಆದರೆ ಮಧ್ಯಪ್ರದೇಶದಿಂದ ಬಂದಿದ್ದ ಒಂದು ಕುಟುಂಬ "ನೀರೆಲ್ಲಿ?" ಎಂದು ಕೇಳಿದಾಗ ಟಿಕೆಟ್ ಕೊಡುವವರು ಮುಖ ತಿರುಗಿಸಿದರು.

ನೀರು ಬೇರೆ ದಾರಿಯಲ್ಲಿ ಹೋಗುತ್ತದೆ. ಲಿಂಗನಮಕ್ಕಿಯ ಬುಡದಲ್ಲೇ ಇರುವ 55 ಮೆಗಾವಾಟ್‌ನ ಸಣ್ಣ ವಿದ್ಯುದಾಗಾರ ದಾಟಿ, ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ. ಅಲ್ಲಿಂದ ಕೊಳವೆಗಳಲ್ಲಿ ಘಟ್ಟದ ಬುಡಕ್ಕೆ ಧುಮುಕಿ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ. ಮತ್ತೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, 240 ಮೆಗಾವಾಟ್. ಅಷ್ಟೆಲ್ಲ ದುಡಿದ ಮೇಲೆ ಹೊನ್ನಾವರದ ಸಮುದ್ರ. ಈಗ ಕೆಳಗಿನ ನೀರನ್ನು ಗೇರುಸೊಪ್ಪೆಯಿಂದ ಮತ್ತೆ ತಳಕಳಲೆಗೆ ಪಂಪ್ ಮಾಡಿ ಇನ್ನೊಮ್ಮೆ ಬಳಸುವ 2000 ಮೆಗಾವಾಟ್ ಯೋಜನೆಯ ಮಾತು ನಡೆದಿದೆ. ಅದಕ್ಕೆ ಸಿಂಗಳೀಕಗಳ ಕಾಡಿನೊಳಗೆ ಸುರಂಗ ಕೊರೆಯಬೇಕು. ಯಜಮಾನರ ಮುಂದೆ ಆ ಮಾತು ಎತ್ತಿದಾಗ, "ಈ ಹೊಳೆಯಿಂದ ಇನ್ನೂ ಎಷ್ಟು ಹಿಂಡುತ್ತಾರೆ ಮಾರಾಯರೇ" ಎಂದಷ್ಟೇ ಹೇಳಿ ಎಲೆ ಅಡಿಕೆಯ ತಟ್ಟೆ ಮುಂದೆ ತಳ್ಳಿದ್ದರು.

ಲಿಂಗನಮಕ್ಕಿ ಅಣೆಕಟ್ಟಿನ ಬಳಿ ಹೋಗಲು ಅನುಮತಿ ಬೇಕು, ನಾವು ಆ ಗೋಜಿಗೆ ಹೋಗಲಿಲ್ಲ. ತಾಳಗುಪ್ಪದ ರೈಲಿಗೆ ಸಮಯವಿತ್ತು. ಹೊನ್ನೆಮರಡಿನ ಹುಡುಗ ಬೈಕಿನಲ್ಲಿ ನಿಲ್ದಾಣದವರೆಗೆ ಬಂದ, ನಮ್ಮವರು ಮರೆತಿದ್ದ ಕನ್ನಡಕ ಕೊಡಲು. ತಮ್ಮನ ಮಗ ಡಿಸೆಂಬರಿನಲ್ಲಿ ತಾನೊಬ್ಬನೇ ಬಂದು ತರಬೇತಿ ಪೂರ್ತಿ ಮಾಡುತ್ತೇನೆ, ಅದೇ ಜಾಗದಲ್ಲಿ ಗುಡಾರ ಹಾಕೋಣ ಎಂದ.

"ಅಲ್ಲಿ ಆಗ ಇಪ್ಪತ್ತು ಅಡಿ ನೀರಿರುತ್ತದೆ" ಎಂದ ಹುಡುಗ. "ಬೇರೆ ಜಾಗ ನೋಡಿಡುತ್ತೇನೆ. ಬರುವ ಮೊದಲು ಫೋನ್ ಮಾಡಿ ಎಷ್ಟಿದೆ ಎಂದು ಕೇಳಿ."